ವಯಸ್ಸಾದಂತೆ ಚುರುಕಾದ ಬ್ಲೂಮ್‌ಸ್ಟೆಟ್

ಕಳೆದ ಸಲ ಹರ್ಬರ್ಟ್ ಬ್ಲೂಮ್‌ಸ್ಟೆಟ್ ಅನ್ನುವ ಆರ್ಕೆಸ್ಟ್ರಾ ಕಂಡಕ್ಟರ್, ಅಂದರೆ ಪಾಶ್ಚಾತ್ಯ ಸಂಗೀತದ ದೊಡ್ಡ ವಾದ್ಯತಂಡವನ್ನು ಮುಂದೆ ನಿಂತು ನಡೆಸುವವರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹುಟ್ಟಿದ್ದು 1927ರ ಜುಲೈ 11ರಂದು, ಅಮೆರಿಕದಲ್ಲಿ. ತಂದೆತಾಯಿ ಸ್ವೀಡನ್‌ನವರು. ತೊಂಬತ್ತು ದಾಟಿದ ಮೇಲೂ ಕಾನ್ಸರ್ಟ್ ನಡೆಸುತ್ತಾ ಬಂದವರು, ಅವರ ಈಚಿನ ರೆಕಾರ್ಡಿಂಗ್‌ಗಳನ್ನು ಬಿಡಬೇಡಿ ಅಂತ ಬರೆದಿದ್ದೆ. ಅದಕ್ಕೆ ಸಾಕಷ್ಟು ಪತ್ರಗಳು ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ.

ಪ್ರಶ್ನೆ: ನಮ್ಮ ಮಲ್ಲಿಕಾರ್ಜುನ ಮನ್ಸೂರರು ಎಂಬತ್ತರ ಹತ್ತಿರದಲ್ಲೂ ಹಾಡುತ್ತಿದ್ದರು, ಆ ಕಂಠ ಅವರದ್ದೇ. ಕಂಡಕ್ಟರ್ ಹಾಡುವುದಿಲ್ಲ, ನುಡಿಸುವುದಿಲ್ಲ. ಹಾಗಿದ್ದ ಮೇಲೆ ಇಳಿವಯಸ್ಸಿನ ಸಾಧನೆ ಅಂತ ಯಾವುದನ್ನು ಕರೆಯುತ್ತೀರಿ? (ಧಾರವಾಡದ ಓದುಗರು)

ಉತ್ತರ: ಕಂಡಕ್ಟರ್ ಕೆಲಸದ ಮುಕ್ಕಾಲು ಪಾಲು ನಮಗೆ ಕಾಣುವುದೇ ಇಲ್ಲ. ಅದು ಮನೆಯಲ್ಲಿ ಸ್ಕೋರ್, ಅಂದರೆ ಕೃತಿಯ ಸ್ವರಲಿಪಿಯ ಮುಂದೆ ಕೂತಾಗ, ಆಮೇಲೆ ರಿಹರ್ಸಲ್‌ನಲ್ಲಿ ಆಗುವ ಕೆಲಸ. ಈ ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಟ್ರಂಪೆಟ್ ಎಷ್ಟು ತಗ್ಗಿದರೆ ಓಬೋ ಅನ್ನುವ ಊದುವಾದ್ಯ ಕೇಳಿಸುತ್ತದೆ, ವೇಗ ಯಾವುದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಹೀಗೆ ಸಾವಿರ ತೀರ್ಮಾನ. ಎಂಬತ್ತು ತೊಂಬತ್ತು ಜನ ನುಡಿಸುವಾಗ ತಪ್ಪು ಎಲ್ಲಿ ಆಯಿತು ಅಂತ ಹಿಡಿಯುವ ಕಿವಿ ಬೇಕು, ನೆನಪು ಗಟ್ಟಿ ಇರಬೇಕು. ಇವೆರಡೂ ಇದ್ದರೆ ಮಂಡಿ ನೋವು ದೊಡ್ಡ ಅಡ್ಡಿ ಅಲ್ಲ. ಅನುಭವವಂತೂ ವಯಸ್ಸಿನ ಜೊತೆಗೇ ಬರುವುದು.

ಇನ್ನೊಂದು ವಿಷಯ ಕೇಳಿ. ವಿಯೆನ್ನಾ ಫಿಲ್‌ಹಾರ್ಮೋನಿಕ್ ಅನ್ನುವ ಆರ್ಕೆಸ್ಟ್ರಾಕ್ಕೆ ಕಾಯಂ ಕಂಡಕ್ಟರ್ ಇಲ್ಲ. ಯಾರನ್ನು ಕರೆಯಬೇಕು ಅಂತ ನುಡಿಸುವವರೇ ತೀರ್ಮಾನಿಸುತ್ತಾರೆ. ಅವರು ಬ್ಲೂಮ್‌ಸ್ಟೆಟ್‌ರನ್ನು ಮೊದಲ ಸಲ ಕರೆದದ್ದು 2011ರಲ್ಲಿ, ಆಗ ಇವರಿಗೆ 83. ಸುಮಾರು ಎಂಟು ವರ್ಷದಲ್ಲಿ ಗೌರವ ಸದಸ್ಯತ್ವವನ್ನೂ ಕೊಟ್ಟರು. ಆ ವಯಸ್ಸಿನಲ್ಲಿ ಹೊಸ ಮನೆ ಪ್ರವೇಶಿಸಿ ಅಲ್ಲಿ ತಮ್ಮವರೇ ಆಗಿಬಿಟ್ಟರಲ್ಲ, ಅದನ್ನು ಸಾಧನೆ ಅನ್ನದೆ ಇನ್ನೇನು ಅನ್ನಲಿ.

ಪ್ರಶ್ನೆ: ವಯಸ್ಸಾದ ಕಲಾವಿದರನ್ನು ಹೊಗಳುವುದು ವಾಡಿಕೆ. "ತೊಂಬತ್ತರಲ್ಲೂ ಮಾಡ್ತಿದ್ದಾರಲ್ಲ" ಅನ್ನುವ ಮೆಚ್ಚುಗೆ ಬಿಟ್ಟರೆ ಸಂಗೀತದಲ್ಲಿ ನಿಜವಾಗಿ ಏನಾದರೂ ಇದೆಯಾ? (ಬೆಂಗಳೂರಿನ ಓದುಗರು, ಇದೇ ಅರ್ಥದ ಪತ್ರ ಮೈಸೂರಿನಿಂದಲೂ ಬಂದಿದೆ)

ಉತ್ತರ: ಇದೆ. ನೀವೇ ಕೇಳಿ ಪರೀಕ್ಷೆ ಮಾಡಬಹುದು, ನನ್ನ ಮಾತು ನಂಬಬೇಕಾಗಿಲ್ಲ.

ಬ್ಲೂಮ್‌ಸ್ಟೆಟ್ ಬೀಥೋವನ್‌ನ ಒಂಬತ್ತೂ ಸಿಂಫನಿಗಳನ್ನು, ಅಂದರೆ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿಗಳನ್ನು, ಎರಡು ಸಲ ರೆಕಾರ್ಡ್ ಮಾಡಿದ್ದಾರೆ. ಮೊದಲನೆಯದು 1975ರಿಂದ 1980ರವರೆಗೆ, ಡ್ರೆಸ್ಡನ್ ಸ್ಟಾಟ್ಸ್‌ಕಪೆಲ್ಲೆ ಆರ್ಕೆಸ್ಟ್ರಾ ಜೊತೆ. ಆಗ ಆ ಊರು ಪೂರ್ವ ಜರ್ಮನಿಯಲ್ಲಿತ್ತು, ಇವರು ಅಲ್ಲಿ ಮುಖ್ಯ ಕಂಡಕ್ಟರ್. ಎರಡನೆಯದು 2014ರಿಂದ 2017ರವರೆಗೆ, ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾ ಜೊತೆ. ಅಂದರೆ ಐವತ್ತರ ಆಸುಪಾಸಿನಲ್ಲಿ ಒಂದು, ತೊಂಬತ್ತರ ಹೊಸ್ತಿಲಲ್ಲಿ ಇನ್ನೊಂದು.

ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಲ್ವಾ? ವಯಸ್ಸಾದಂತೆ ಕಂಡಕ್ಟರ್‌ಗಳು ನಿಧಾನವಾಗುತ್ತಾರೆ. ಕ್ಲೆಂಪರರ್ ಆದರು, ಜುಲಿನಿ ಆದರು, ಚೆಲಿಬಿದಾಕೆಯವರಂತೂ ಕೊನೆಗೆ ಬ್ರುಕ್ನರ್ ಅನ್ನುವ ಸಂಗೀತಕಾರನ ಕೃತಿಗಳನ್ನು ಅಷ್ಟು ನಿಧಾನವಾಗಿ ನುಡಿಸಿದರು ಅಂದರೆ ಕೆಲವರಿಗೆ ಅದು ಧ್ಯಾನ, ಕೆಲವರಿಗೆ ತಡೆಯಲಾಗದ ಎಳೆತ. ಬ್ಲೂಮ್‌ಸ್ಟೆಟ್ ವಿಷಯದಲ್ಲಿ ಬೀಥೋವನ್ ಉಲ್ಟಾ ಆಯಿತು. ಎರಡನೇ ಸಲದ ನಡೆ ಹೆಚ್ಚು ಚುರುಕು.

ಕಾರಣ ಪುಟದ ಮೇಲೇ ಇದೆ. ಮೆಟ್ರೊನೋಮ್ ಅನ್ನುವ ಲಯ ಯಂತ್ರ ಬಂದ ಹೊಸದರಲ್ಲಿ, 1817ರಲ್ಲಿ, ಬೀಥೋವನ್ ಅಲ್ಲಿಯವರೆಗೆ ಬರೆದಿದ್ದ ಎಂಟು ಸಿಂಫನಿಗಳಿಗೂ ವೇಗದ ಅಂಕಿಗಳನ್ನು ಕೊಟ್ಟ. ಅವು ಎಷ್ಟು ವೇಗ ಅಂದರೆ ಯಂತ್ರವೇ ಕೆಟ್ಟಿರಬೇಕು, ಇವನ ಕಿವಿ ಆಗಲೇ ಹೋಗಿತ್ತಲ್ಲ ಅಂತೆಲ್ಲ ಹೇಳಿ ದೊಡ್ಡ ದೊಡ್ಡವರೇ ಅದನ್ನು ಪಕ್ಕಕ್ಕಿಟ್ಟಿದ್ದರು. ಮೂರನೇ ಸಿಂಫನಿ, ಅಂದರೆ ಎರೋಯಿಕಾ, ಅದರ ಮೊದಲ ಭಾಗವನ್ನು ನೋಡಿ. ಬೀಥೋವನ್ ಕೊಟ್ಟ ಅಂಕಿ 60. ಮೂರು ಎಣಿಕೆಯ ಒಂದು ಇಡೀ ಆವರ್ತಕ್ಕೆ ಒಂದು ಸೆಕೆಂಡು. ಸೆಕೆಂಡ್ ಮುಳ್ಳಿರುವ ಗಡಿಯಾರ ಎದುರಿಗಿಟ್ಟುಕೊಂಡು ಎರಡೂ ರೆಕಾರ್ಡಿಂಗ್ ಕೇಳಿ. ಶುರುವಿನಲ್ಲಿ ಎರಡು ಏಟು ಬೀಳುತ್ತದೆ, ತಕ್ಷಣ ಚೆಲ್ಲೋಗಳು, ಅಂದರೆ ದಪ್ಪದನಿಯ ದೊಡ್ಡ ಪಿಟೀಲುಗಳು, ರಾಗ ಎತ್ತಿಕೊಳ್ಳುತ್ತವೆ. ಡ್ರೆಸ್ಡನ್‌ನಲ್ಲಿ ಮುಳ್ಳು ಸಂಗೀತಕ್ಕಿಂತ ಆರಾಮಾಗಿ ಮುಂದೆ ಹೋಗಿಬಿಡುತ್ತದೆ. ಲೈಪ್‌ಜಿಗ್‌ನಲ್ಲಿ ಅಂತರ ಕಡಿಮೆ. ಡ್ರೆಸ್ಡನ್‌ನದ್ದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಆ ತುಂಬುದನಿ ನನಗೆ ಈಗಲೂ ಇಷ್ಟ. ಆದರೆ ಒಮ್ಮೆ ಲೋಕವೆಲ್ಲ ಮೆಚ್ಚಿದ್ದನ್ನು ಎಂಬತ್ತೇಳರಲ್ಲಿ ಬದಿಗಿಟ್ಟು, ಬೀಥೋವನ್ ಬರೆದದ್ದೇನು ಅಂತ ಮತ್ತೆ ಮೊದಲಿನಿಂದ ಓದಲು ಕೂರುವುದು ಸುಮ್ನೆ ಮಾತಲ್ಲ. ನನ್ನ ಮೆಚ್ಚುಗೆ ಇರುವುದು ಇದಕ್ಕೆ. ಅವರ ವಯಸ್ಸಿಗಲ್ಲ.

ಹಾಗಂತ ಎಲ್ಲವನ್ನೂ ಓಡಿಸುತ್ತಾರೆ ಅಂದುಕೊಳ್ಳಬೇಡಿ. ಅದೇ ಗೆವಾಂಡ್‌ಹೌಸ್ ಜೊತೆ ತೊಂಬತ್ತು ದಾಟಿದ ಮೇಲೆ ಮಾಡಿದ ಬ್ರಾಹ್ಮ್ಸ್ ಸಿಂಫನಿಗಳಲ್ಲಿ ಅವಸರವೇ ಇಲ್ಲ. ಮೊದಲನೆಯದು ನನಗೆ ಒಂದೆರಡು ಕಡೆ ತೀರಾ ಸಾವಧಾನ ಅನ್ನಿಸಿತು. ಆದರೆ ಒಳಗಿನ ದನಿಗಳು, ವಿಯೋಲಾ, ಎರಡನೇ ಪಿಟೀಲು, ಬಸೂನ್, ಎಲ್ಲ ಬಿಡಿಬಿಡಿಯಾಗಿ ಕೇಳಿಸುತ್ತವೆ.

ಪ್ರಶ್ನೆ: ವಿಡಿಯೋ ನೋಡಿದೆ. ಯಾರೋ ಕೈಹಿಡಿದು ಕರೆತಂದು ಕೂರಿಸುತ್ತಾರೆ. ಕೈಯಲ್ಲಿ ತಾಳ ತೋರಿಸುವ ಕೋಲೂ ಇಲ್ಲ. ಬೆರಳು ಅಲ್ಲಾಡಿಸಿದ ಹಾಗೆ ಕಾಣುತ್ತದೆ. ಆರ್ಕೆಸ್ಟ್ರಾ ತಾನಾಗಿ ನುಡಿಸುತ್ತಿಲ್ಲವೇ? (ಶಿವಮೊಗ್ಗದ ಓದುಗರು)

ಉತ್ತರ: ಬಿದ್ದ ಮೇಲೆ ಹಾಗಾಗಿದೆ. 2022ರ ಜೂನ್‌ನಲ್ಲಿ ಬಿದ್ದು ಆಸ್ಪತ್ರೆ ಸೇರಿದರು. ಇನ್ನು ಮುಗಿಯಿತು ಅಂತಲೇ ಬಹಳ ಜನ ಅಂದುಕೊಂಡರು. ಅದೇ ಅಕ್ಟೋಬರ್‌ನಲ್ಲಿ ಟೋಕಿಯೊಗೆ ಹೋಗಿ ಅಲ್ಲಿನ ಎನ್‌ಎಚ್‌ಕೆ ಸಿಂಫನಿ ಆರ್ಕೆಸ್ಟ್ರಾ ಜೊತೆ ಮಾಹ್ಲರ್‌ನ ಒಂಬತ್ತನೇ ಸಿಂಫನಿ ನಡೆಸಿದರು, ಕೂತುಕೊಂಡು. ಅದು ಹತ್ತಿರಹತ್ತಿರ ಒಂದೂವರೆ ಗಂಟೆಯ ಕೃತಿ. ಕೈಹಿಡಿದು ಕರೆತರುವವರು ಹೆಚ್ಚಾಗಿ ಆ ಆರ್ಕೆಸ್ಟ್ರಾದ ಪಿಟೀಲಿನವರ ಮುಖ್ಯಸ್ಥರು. ಕೋಲು ಬಿಟ್ಟದ್ದು ಮಾತ್ರ ಬೀಳುವುದಕ್ಕೆ ಎಷ್ಟೋ ಮುಂಚೆ.

ಆರ್ಕೆಸ್ಟ್ರಾ ತಾನಾಗಿ ನುಡಿಸುತ್ತದೆ ಅನ್ನುವುದರಲ್ಲಿ ಅರ್ಧ ಸತ್ಯವಿದೆ. ತಾಳ ಹಾಕಿ ತೋರಿಸುವವರು ಅವರಿಗೆ ಬೇಕಿಲ್ಲ. ಆದರೆ ಶೂಬರ್ಟ್‌ನ ದೊಡ್ಡ ಸಿ ಮೇಜರ್ ಸಿಂಫನಿಯ ಎರಡನೇ ಭಾಗ ಕೇಳಿ. ಓಬೋ ಒಂದು ನಡಿಗೆಯ ರಾಗ ಹಾಡುತ್ತದೆ. ಆಮೇಲೆ ಆ ನಡಿಗೆ ಬಿಗಿಯಾಗುತ್ತಾ, ಜೋರಾಗುತ್ತಾ, ಇಡೀ ಆರ್ಕೆಸ್ಟ್ರಾ ಒಂದು ಕಠೋರ ಸ್ವರಗುಚ್ಛಕ್ಕೆ ಹೋಗಿ ಬಡಿದು ನಿಂತುಬಿಡುತ್ತದೆ. ಪೂರ್ತಿ ನಿಶ್ಶಬ್ದ. ಮತ್ತೆ ತಂತಿ ಮೀಟಿದ ಸದ್ದು ಮೆಲ್ಲಗೆ, ಆಮೇಲೆ ಚೆಲ್ಲೋಗಳ ಹಾಡು. ಆ ನಿಶ್ಶಬ್ದ ಎಷ್ಟು ಹೊತ್ತು ಇರಬೇಕು? ಎಂಬತ್ತು ಜನ ಸೇರಿ ಅದನ್ನು ತೀರ್ಮಾನಿಸಲಾಗದು. ಒಬ್ಬರ ಕೈ ಬೇಕೇ ಬೇಕು, ಅದು ಒಂದಿಂಚು ಅಲುಗಿದರೆ ಸಾಕು. ಗೆವಾಂಡ್‌ಹೌಸ್ ಜೊತೆ ಇವರು ಮಾಡಿದ ಶೂಬರ್ಟ್ 2022ರಲ್ಲಿ ಬಿಡುಗಡೆಯಾಯಿತು. ಅಂದ ಹಾಗೆ ಆ ಸಿಂಫನಿಯನ್ನು ಲೋಕಕ್ಕೆ ಮೊದಲು ಕೇಳಿಸಿದ್ದೂ ಇದೇ ಆರ್ಕೆಸ್ಟ್ರಾ. ಶೂಬರ್ಟ್ ತೀರಿಕೊಂಡು ಹತ್ತು ವರ್ಷ ದಾಟಿದ ಮೇಲೆ, 1839ರಲ್ಲಿ, ಮೆಂಡೆಲ್ಸನ್ ನಡೆಸಿದ್ದ.

ಪ್ರಶ್ನೆ: ಇವರು ಶನಿವಾರ ಕೆಲಸ ಮಾಡುವುದಿಲ್ಲವಂತೆ, ಹೌದಾ? (ಮಂಗಳೂರಿನ ಓದುಗರು)

ಉತ್ತರ: ರಿಹರ್ಸಲ್ ಮಾಡುವುದಿಲ್ಲ. ಅವರು ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಕ್ರೈಸ್ತರು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸೂರ್ಯಾಸ್ತದವರೆಗೆ ಕೆಲಸಕ್ಕೆ ರಜೆ. ಆದರೆ ಕಾನ್ಸರ್ಟ್ ನಡೆಸುತ್ತಾರೆ. ರಿಹರ್ಸಲ್ ಕೆಲಸ, ಕಾನ್ಸರ್ಟ್ ದೇವರಿಗೆ ಸಲ್ಲಿಸುವ ಸೇವೆ ಅನ್ನುವುದು ಅವರ ನಿಲುವು. ಸಸ್ಯಾಹಾರಿ, ಕುಡಿಯುವುದಿಲ್ಲ. ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳು ಇವರಿಗಾಗಿ ತಮ್ಮ ವೇಳಾಪಟ್ಟಿ ಹೊಂದಿಸಿಕೊಂಡಿವೆ.

ಪ್ರಶ್ನೆ: ನಾವು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಇದ್ದೇವೆ. ಇಲ್ಲಿನ ಹಿರಿಯ ಕೇಳುಗರು ಬ್ಲೂಮ್‌ಸ್ಟೆಟ್ ಕಾಲದ ಬಗ್ಗೆ ಪ್ರೀತಿಯಿಂದ ಮಾತಾಡುತ್ತಾರೆ. ಆಗಿನದ್ದು ಮೇಲೋ ಈಗಿನದ್ದೋ? (ಕ್ಯಾಲಿಫೋರ್ನಿಯಾದ ಓದುಗರು)

ಉತ್ತರ: ಅವರ ಮಾತು ಸರಿ. 1985ರಿಂದ 1995ರವರೆಗೆ ಅಲ್ಲಿ ಸಂಗೀತ ನಿರ್ದೇಶಕರಾಗಿದ್ದರು. ಆ ಕಾಲದ ನೀಲ್ಸನ್ ಮತ್ತು ಸಿಬೇಲಿಯಸ್ ಸಿಂಫನಿಗಳು ಇವತ್ತಿಗೂ ಕೇಳಲೇಬೇಕಾದವು. ನೀಲ್ಸನ್‌ನ ನಾಲ್ಕು ಮತ್ತು ಐದನೇ ಸಿಂಫನಿಗಳಲ್ಲಿ ಬೇಕಾದ ಆ ಕಿಚ್ಚು ಅಲ್ಲಿದೆ, ಅದಕ್ಕೆ ಅರವತ್ತರ ಬ್ಲೂಮ್‌ಸ್ಟೆಟ್ಟೇ ಸರಿ. ಬೀಥೋವನ್, ಶೂಬರ್ಟ್, ಮಾಹ್ಲರ್‌ಗೆ ನಾನು ಈಗಿನದ್ದನ್ನೇ ಆರಿಸಿಕೊಳ್ಳುತ್ತೇನೆ. ನಿಮ್ಮ ಊರಿಗೆ ಎಷ್ಟೋ ವರ್ಷ ಅತಿಥಿಯಾಗಿ ಮರಳಿ ಬರುತ್ತಿದ್ದರು. ಡೇವಿಸ್ ಹಾಲ್‌ನಲ್ಲಿ ಕೇಳಿದವರು ಸಿಕ್ಕರೆ ಕೂರಿಸಿಕೊಂಡು ಮಾತಾಡಿಸಿ.

ಪ್ರಶ್ನೆ: ಕಲಾವಿದರು ಮರ್ಯಾದೆಯಿಂದ ಯಾವಾಗ ನಿಲ್ಲಿಸಬೇಕು? ನಮ್ಮ ಜುಬಿನ್ ಮೆಹ್ತಾ ಬಗ್ಗೆಯೂ ಹೇಳಿ. (ಹಾಸನದ ಓದುಗರು)

ಉತ್ತರ: ಅದು ಅವರವರ ಮನಸ್ಸು. ಬರ್ನಾರ್ಡ್ ಹೈಟಿಂಕ್ ಅನ್ನುವ ಕಂಡಕ್ಟರ್ ತೊಂಬತ್ತಕ್ಕೆ ಸಾಕು ಅಂದರು. 2019ರ ಸೆಪ್ಟೆಂಬರ್ 6ರಂದು ಲೂಸರ್ನ್‌ನಲ್ಲಿ ಬ್ರುಕ್ನರ್ ಏಳನೇ ಸಿಂಫನಿ ನಡೆಸಿ ಕೆಳಗಿಳಿದವರು ಮತ್ತೆ ವೇದಿಕೆಗೆ ಬರಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು. ಮುಂಬೈನಲ್ಲಿ ಹುಟ್ಟಿದ ಮೆಹ್ತಾ ಅದೇ ವರ್ಷ ಅಕ್ಟೋಬರ್‌ನಲ್ಲಿ ಇಸ್ರೇಲ್ ಫಿಲ್‌ಹಾರ್ಮೋನಿಕ್ ಹುದ್ದೆ ಬಿಟ್ಟರು, ಕಂಡಕ್ಟಿಂಗ್ ಬಿಡಲಿಲ್ಲ. ಅವರ ಬಗ್ಗೆ ಬೇರೆಯದಾಗಿಯೇ ಬರೆಯಬೇಕು. ಇಲ್ಲಿ ತುರುಕಿದರೆ ಅನ್ಯಾಯ.

ಪ್ರಶ್ನೆ: ನನಗೆ ಪಾಶ್ಚಾತ್ಯ ಸಂಗೀತ ಹೊಸದು. ಎಲ್ಲಿಂದ ಶುರು ಮಾಡಲಿ? (ಉಡುಪಿಯ ಓದುಗರು)

ಉತ್ತರ: ಗೆವಾಂಡ್‌ಹೌಸ್ ಬೀಥೋವನ್‌ನಿಂದ ಶುರು ಮಾಡಿ, ಮೊದಲು ಏಳನೇ ಸಿಂಫನಿ. ಸ್ಟ್ರೀಮಿಂಗ್‌ನಲ್ಲಿ ಹುಡುಕುವಾಗ ಆರ್ಕೆಸ್ಟ್ರಾ ಹೆಸರನ್ನೂ ಸೇರಿಸಿ, ಇಲ್ಲದಿದ್ದರೆ ಡ್ರೆಸ್ಡನ್‌ನದ್ದು ಸಿಗುತ್ತದೆ. ಆಮೇಲೆ ಶೂಬರ್ಟ್. ಕಿವಿ ಪಳಗಿದ ಮೇಲೆ, ಬಾಂಬೆರ್ಗ್ ಸಿಂಫನಿ ಆರ್ಕೆಸ್ಟ್ರಾ ಜೊತೆ 2018ರಲ್ಲಿ ರೆಕಾರ್ಡ್ ಮಾಡಿದ ಮಾಹ್ಲರ್‌ನ ಒಂಬತ್ತನೇ ಸಿಂಫನಿ.

ಇದಕ್ಕೆ ಮಾತ್ರ ದಯವಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ. ಈಗ ಬಹುಪಾಲು ಆರ್ಕೆಸ್ಟ್ರಾಗಳಲ್ಲಿ ಪಿಟೀಲಿನವರೆಲ್ಲ ಎಡಕ್ಕೇ ಕೂರುತ್ತಾರೆ. ಬ್ಲೂಮ್‌ಸ್ಟೆಟ್ ಹಳೆಯ ಪದ್ಧತಿಯಂತೆ ಮೊದಲ ಪಿಟೀಲುಗಳನ್ನು ಎಡಕ್ಕೆ, ಎರಡನೆಯವನ್ನು ಬಲಕ್ಕೆ ಕೂರಿಸುತ್ತಾರೆ. ಮಾಹ್ಲರ್‌ನ ಈ ಕೃತಿ ಚೆಲ್ಲೋ, ಹಾರ್ನ್, ಹಾರ್ಪ್‌ಗಳ ಚೂರುಚೂರು ಸ್ವರಗಳಿಂದ ಶುರುವಾಗುತ್ತದೆ. ಆಮೇಲೆ ಮುಖ್ಯ ರಾಗ ಬರುತ್ತದಲ್ಲ, ಅದನ್ನು ಎತ್ತುವುದು ಎರಡನೇ ಪಿಟೀಲಿನವರು! ಯಾವಾಗಲೂ ಹಿಂದೆ ಇರುವವರಿಗೆ ಮಾಹ್ಲರ್ ಇಲ್ಲಿ ಮೊದಲ ಮಾತು ಕೊಟ್ಟಿದ್ದಾನೆ, ಮೊದಲ ಪಿಟೀಲುಗಳು ಆಮೇಲೆ ಬಂದು ಸೇರಿಕೊಳ್ಳುತ್ತವೆ. ಎಲ್ಲರೂ ಒಂದೇ ಕಡೆ ಕೂತರೆ ಇದು ಗೊತ್ತಾಗುವುದೇ ಇಲ್ಲ. ಈ ರೆಕಾರ್ಡಿಂಗ್‌ನಲ್ಲಿ ಯಾವ ಕಿವಿಗೆ ಯಾವುದು ಮೊದಲು ಬಂತು ಅಂತ ಕೇಳಿಸಿಕೊಂಡು ನನಗೆ ಬರೆಯಿರಿ.