30 ಕೋಳಿಗೆ ಹ್ಯಾಮರ್ ಮಿಲ್ ಬೇಕಾ?

30 ಕೋಳಿ, 4 ಆಡಿಗೆ ಮೆಕ್ಕೆಜೋಳ ಒಡೆಯಲು ಹ್ಯಾಮರ್ ಮಿಲ್ಲೋ (ತಿರುಗುವ ಸುತ್ತಿಗೆಗಳಿಂದ ಕಾಳು ಜಜ್ಜುವ ಯಂತ್ರ) ಪ್ಲೇಟ್ ಮಿಲ್ಲೋ (ಎರಡು ಪ್ಲೇಟುಗಳ ನಡುವೆ ಕಾಳು ಒಡೆಯುವ ಯಂತ್ರ) ಅಂತ ಕೇಳಿದ್ದೀರಿ. ನಿಮ್ಮ ಲೆಕ್ಕಕ್ಕೆ ಪ್ಲೇಟ್ ಮಿಲ್ಲೇ ಸಾಕು, ಕೈಯಲ್ಲಿ ತಿರುಗಿಸುವುದಾದರೂ ನಡೆಯುತ್ತದೆ. ಪ್ಲೇಟುಗಳ ನಡುವಿನ ಸಂದು ಸಡಿಲಿಸಿ, ಒಂದು ಹಿಡಿ ಕಾಳು ಹಾಕಿ ನೋಡಿ. ಒಂದೊಂದು ಕಾಳೂ ಮೂರ್ನಾಲ್ಕು ಚೂರಾಗಿ ಬಿದ್ದರೆ ಸರಿ. ಹಿಟ್ಟು ಜಾಸ್ತಿ ಬಂತೆಂದರೆ ಸಂದು ಹೊಂದಿಸುವ ಸ್ಕ್ರೂ ಇನ್ನೂ ಸ್ವಲ್ಪ ಸಡಿಲ ಬಿಡಿ. ಹ್ಯಾಮರ್ ಮಿಲ್‌ಗೆ 6–8 ಮಿ.ಮೀ. ಜರಡಿ ಹಾಕಿದರೂ ಒಂದಷ್ಟು ಪುಡಿ ಆಗಿಯೇ ಆಗುತ್ತದೆ, ಕೋಳಿಗಳು ಅದನ್ನು ಬಿಟ್ಟು ನುಚ್ಚನ್ನಷ್ಟೇ ಹೆಕ್ಕುತ್ತವೆ. ಕಾಳು ಚೆನ್ನಾಗಿ ಒಣಗಿರಲಿ. ಹಸಿಯಿದ್ದರೆ ಪ್ಲೇಟಿಗೆ ಮೆತ್ತಿಕೊಳ್ಳುತ್ತದೆ, ನುಚ್ಚಿಗೆ ಬೂಸ್ಟು ಹಿಡಿಯುವುದೂ ಬೇಗ. ಒಂದು ವಾರಕ್ಕಾಗುವಷ್ಟೇ ಒಡೆದುಕೊಳ್ಳಿ. ಅಂದಹಾಗೆ, ಬೆಳೆದ ಆಡುಗಳು ಇಡೀ ಕಾಳನ್ನೇ ಅಗಿದು ತಿನ್ನುತ್ತವೆ, ಅವಕ್ಕೆ ಒಡೆಯುವ ಕಷ್ಟವೇ ಬೇಡ.