ಗದೆ ರಟ್ಟಿನದು, ಜಗಳ ಅಸಲಿ

ಪತ್ರ: “ಸಂಪಾದಕರೇ, ನಮ್ಮೂರ ಜಾತ್ರೆಗೆ ಈ ವರ್ಷವೂ ಕುರುಕ್ಷೇತ್ರ ನಾಟಕ ಆಡಿದರು. ಹನ್ನೊಂದು ಅಕ್ಷೌಹಿಣಿ ಸೈನ್ಯ ಅಂತ ಹಾಡಿದರು. ಸ್ಟೇಜ್ ಮೇಲೆ ಇದ್ದದ್ದು ಇಬ್ಬರು ಹುಡುಗರು, ಅದರಲ್ಲೊಬ್ಬ ಹವಾಯಿ ಚಪ್ಪಲಿ ಹಾಕಿಕೊಂಡೇ ಬಂದಿದ್ದ. ಗದೆ ರಟ್ಟಿನದು. ಇದಕ್ಕೆ ನಮ್ಮ ಅಣ್ಣ ದುರ್ಯೋಧನನ ಪಾತ್ರ ಬೇಕು ಅಂತ 40 ಸಾವಿರ ಕಟ್ಟಿದ್ದಾನೆ. ನಾನು ರಾತ್ರಿ ಎರಡು ಗಂಟೆಗೇ ಎದ್ದು ಬಂದೆ. ಮೊಬೈಲಲ್ಲೇ ಎಂತೆಂಥ ಯುದ್ಧ ನೋಡುವ ಈ ಕಾಲದಲ್ಲಿ ಇದು ನಗೆಪಾಟಲಲ್ಲವೇ? ಅದೇ ದುಡ್ಡಲ್ಲಿ ಎಲ್‌ಇಡಿ ಪರದೆ ತರಿಸಿ ಒಳ್ಳೆ ಸಿನಿಮಾ ಹಾಕಬಹುದಿತ್ತು.”
— ಓದುಗರೊಬ್ಬರು, ತುಮಕೂರು ಜಿಲ್ಲೆ

ಸಂಪಾದಕರ ಉತ್ತರ:

ಹೆಸರು ಹಾಕಬೇಡಿ, ಅಣ್ಣ ನಿಮ್ಮ ಪತ್ರಿಕೆ ಓದುತ್ತಾನೆ ಅಂತ ಪತ್ರದ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದೀರಿ. ಹಾಕಿಲ್ಲ. ಆದರೆ ಇನ್ನೊಮ್ಮೆ ಓದಿದಾಗ ನನಗೊಂದು ಅನುಮಾನ ಬಂತು. ನಿಮ್ಮ ಸಿಟ್ಟು ಗದೆಯ ಮೇಲೋ, ಗದೆ ಹಿಡಿದವರ ಮೇಲೋ? ಅಣ್ಣನ ಮೇಲಿನ ಮುನಿಸಿಗೆ ಕುರುಕ್ಷೇತ್ರವನ್ನು ಬೈದರೆ ಹೇಗೆ ಸ್ವಾಮಿ? ಆ ನಾಟಕ ಹುಟ್ಟಿದ್ದೇ ಅಂಥ ಮುನಿಸಿನಿಂದ.

ನಿಮ್ಮ ಮಾತಲ್ಲಿ ಸರಿ ಇರುವುದನ್ನು ಮೊದಲು ಒಪ್ಪಿಬಿಡುತ್ತೇನೆ. ಪಾತ್ರಕ್ಕೆ ದುಡ್ಡು ಕಟ್ಟಿಸಿಕೊಳ್ಳುವ ಪದ್ಧತಿ ನನಗೂ ಹಿಡಿಸುವುದಿಲ್ಲ. ಗಂಟಿರುವವನು ಕೃಷ್ಣನಾಗುತ್ತಾನೆ, ಗಂಟಲಿರುವವನು ಸೈನಿಕನಾಗುತ್ತಾನೆ. ಹವಾಯಿ ಚಪ್ಪಲಿಗೂ ನನ್ನ ಕಡೆಯಿಂದ ಕ್ಷಮೆ ಇಲ್ಲ. ವೈಭವವೇ ಬೇಡ ಅಂತಲೂ ನಾನು ಹೇಳುವುದಿಲ್ಲ. 1884ರಲ್ಲಿ ನಿಮ್ಮದೇ ಜಿಲ್ಲೆಯ ಗುಬ್ಬಿಯಲ್ಲಿ ಶುರುವಾದ ಕಂಪನಿ, ವೀರಣ್ಣನವರ ಕಾಲದಲ್ಲಿ, 1934ರಲ್ಲಿ ಕುರುಕ್ಷೇತ್ರ ಆಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದಿತ್ತು. 2019ರಲ್ಲಿ ಅದೇ ಕಥೆ ಕನ್ನಡದಲ್ಲಿ ತ್ರೀಡಿ ಸಿನಿಮಾ ಆಗಿಯೂ ಬಂತು. ನೋಡಲಿ, ಸಂತೋಷ.

ಆದರೆ ಒಂದು ಲೆಕ್ಕ ಹಾಕೋಣ. ಒಂದು ಅಕ್ಷೌಹಿಣಿ ಅಂದರೆ 21,870 ಆನೆ, ಅಷ್ಟೇ ರಥ, 65,610 ಕುದುರೆ, 1,09,350 ಕಾಲಾಳು. ಕೌರವರದ್ದು 11, ಪಾಂಡವರದ್ದು 7. ಒಟ್ಟು 18ಕ್ಕೆ ಆನೆಗಳೇ 3,93,660 ಆದವು. ಯಾವ ನಿರ್ಮಾಪಕ ತರುತ್ತಾನೆ? ಕಂಪ್ಯೂಟರಲ್ಲಿ ಬಿಡಿಸಿದರೂ ಯಾರು ಎಣಿಸುತ್ತಾರೆ? ಅಷ್ಟು ಆನೆಗಳ ಮುಂದೆ ನಿಮ್ಮೂರಿನ ಇಬ್ಬರು ಹುಡುಗರೂ ಒಂದೇ, ಕೋಟಿಗಟ್ಟಲೆ ಸುರಿದು ಮಾಡಿದ ಸೈನ್ಯವೂ ಒಂದೇ.

ಯುದ್ಧ ನಡೆದದ್ದಾದರೂ ಯಾತಕ್ಕೆ? ಐದು ಊರು ಕೊಡು ಸಾಕು ಅಂತ ಒಬ್ಬರು, ಸೂಜಿಮೊನೆಯಷ್ಟು ನೆಲವನ್ನೂ ಬಿಡೆ ಅಂತ ಇನ್ನೊಬ್ಬರು. ಇದು ಪಾಲಿನ ದಾವೆ. ನಿಮ್ಮ ತಾಲ್ಲೂಕಿನ ಸಿವಿಲ್ ಕೋರ್ಟಿಗೆ ಯಾವ ದಿನ ಹೋದರೂ ಇಂಥ ಹತ್ತು ಕೇಸು ಸಿಗುತ್ತವೆ. ಎದುರಾಳಿಗಳು ಯಾರು ಅಂತಲೂ ನೋಡಿ. ಭೀಮ, ದುರ್ಯೋಧನ ಇಬ್ಬರೂ ಹುಟ್ಟಿದ್ದು ಒಂದೇ ದಿನ. ಒಂದೇ ಅಂಗಳದಲ್ಲಿ ಉರುಳಾಡಿ ಬೆಳೆದವರು. ಸಂಧಾನಕ್ಕೆ ಬರುವ ಕೃಷ್ಣ ಯಾರು? ಅವನ ಮಗ ಸಾಂಬನಿಗೆ ದುರ್ಯೋಧನನ ಮಗಳನ್ನು ಕೊಟ್ಟಿದೆ. ಅಂದರೆ ಬೀಗರು! ಪಂಚಾಯ್ತಿಗೆ ಬೀಗರು ಬಂದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಕರ್ಣ. ಕುಂತಿ ಬಂದು ನೀನು ನನ್ನ ಹಿರಿಮಗ ಅನ್ನುತ್ತಾಳೆ. ಅವನು ಬಯ್ಯುವುದಿಲ್ಲ, ಬರುವುದೂ ಇಲ್ಲ. ನಿನಗೆ ಐದು ಮಕ್ಕಳು ಉಳಿಯುತ್ತಾರೆ, ಅರ್ಜುನ ಇಲ್ಲದಿದ್ದರೆ ನಾನು, ನಾನಿಲ್ಲದಿದ್ದರೆ ಅರ್ಜುನ ಅಂತ ಮಾತು ಕೊಡುತ್ತಾನೆ. ಇಡೀ ಯುದ್ಧದಲ್ಲಿ ಇದಕ್ಕಿಂತ ಭಯಂಕರ ದೃಶ್ಯ ಇದ್ದರೆ ಹೇಳಿ. ಬೇಕಾದದ್ದು ಇಬ್ಬರು ನಟರು, ಹಿಂದೆ ಹೊಳೆ ಬರೆದ ಒಂದು ಬಾಡಿಗೆ ಪರದೆ. ಪರದೆ ಇಲ್ಲದಿದ್ದರೂ ನಡೆಯುತ್ತೆ.

ನೀವು ಶಾಲೆಯಲ್ಲಿ ರನ್ನನನ್ನು ಓದಿರಬೇಕು. ಐದು ಅಂಕದ ಪ್ರಶ್ನೆಗೆ ಅಂತ ಓದಿಸಿರುತ್ತಾರೆ, ಅದು ಬೇರೆ ದುಃಖ. ಮುಧೋಳದ ಬಳೆಗಾರರ ಮನೆಯ ಹುಡುಗ. ಸುಮಾರು ಸಾವಿರ ವರ್ಷದ ಹಿಂದೆ ಗದಾಯುದ್ಧ ಅನ್ನುವ ಕಾವ್ಯ ಬರೆದ. ಅವನನ್ನು ಸಾಕಿದ ದೊರೆ ಸತ್ಯಾಶ್ರಯ, ಆ ದೊರೆಯನ್ನೇ ಭೀಮ ಅಂತ ಹೊಗಳಿ ಬರೆಯಬೇಕು. ಬರೆದ. ಆದರೆ ಒಳ್ಳೊಳ್ಳೆ ಪದ್ಯಗಳನ್ನೆಲ್ಲ ದುರ್ಯೋಧನನ ಬಾಯಿಗೆ ಇಟ್ಟುಬಿಟ್ಟ! ಹದಿನೆಂಟು ದಿನದ ಯುದ್ಧವನ್ನು ಮೊದಲಿಂದ ಹೇಳುವ ಗೊಡವೆಗೂ ಹೋಗಲಿಲ್ಲ. ಕೊನೆಯ ದಿನಕ್ಕೆ ಬಂದು ನಿಂತು ಹಿಂದಿನದನ್ನೆಲ್ಲ ತಿರುಗಿ ನೋಡುತ್ತಾನೆ. ಸೈನ್ಯ ಮುಗಿದಿದೆ. ಸಂಜಯನ ಜೊತೆ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಿದ್ದಾನೆ. ಖರ್ಚೇ ಇಲ್ಲದ ಯುದ್ಧ ನೋಡಿ.

ದುಶ್ಶಾಸನನ ಹೆಣ ಸಿಗುತ್ತದೆ. ಆಗ ಅಣ್ಣ ಹೇಳುವುದು ಇಷ್ಟು: ಅಮ್ಮನ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು. ಒಳ್ಳೆಯ ಊಟವನ್ನೂ ಮೊದಲು ನಾನು ಉಂಡೆ, ಆಮೇಲೆ ನೀನು. ಚಿಕ್ಕಂದಿನಿಂದ ಒಂದು ಸಲವೂ ನೀನು ನನ್ನ ಮಾತು ಮೀರಿದವನಲ್ಲ. ಸಾವಿನಲ್ಲಿ ಮಾತ್ರ ನನಗಿಂತ ಮುಂದೆ ಹೋಗಿಬಿಟ್ಟೆ, ಸರದಿ ತಪ್ಪಿಹೋಯಿತು. ಇದು ನನ್ನ ಬಡಮಾತು, ಮೂಲದಲ್ಲೇ ಓದಿ. ಸ್ವಲ್ಪ ಮುಂದೆ ಕರ್ಣನ ಹೆಣ. ನೀನು ಯಾರ ಮಗ ಅಂತ ಕುಂತಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ನನಗೂ ಗೊತ್ತಿತ್ತು ಅನ್ನುತ್ತಾನೆ. ಗೊತ್ತಿದ್ದೂ ಅವನ ತಮ್ಮಂದಿರ ಮೇಲೆ ಅವನನ್ನೇ ಬಿಟ್ಟವನ ಮಾತು ಇದು. ದುರ್ಯೋಧನ ಒಳ್ಳೆಯವನೋ ಕೆಟ್ಟವನೋ, ನೀವೇ ಹೇಳಿ. ನನಗಂತೂ ಪ್ರತಿ ಸಲ ಓದಿದಾಗಲೂ ಬೇರೆ ಬೇರೆ ಉತ್ತರ ಸಿಕ್ಕಿದೆ.

ನಿಮ್ಮೂರಿನ ಗದೆ ವಿಷಯಕ್ಕೆ ಬರುತ್ತೇನೆ. ಮಂಡ್ಯದ ಕಡೆ ಒಂದೂರಲ್ಲಿ ಕುರುಕ್ಷೇತ್ರ ನೋಡುತ್ತಿದ್ದೆ. ಅಲ್ಲಿನ ಹಾರ್ಮೋನಿಯಂ ಮೇಷ್ಟ್ರು ಬಲು ಕಿಲಾಡಿ. ಒಂದು ಬದುವಿನ ಜಗಳಕ್ಕೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರನ್ನು ಹಿಡಿದು, ಅಣ್ಣನಿಗೆ ದುರ್ಯೋಧನ, ತಮ್ಮನಿಗೆ ಭೀಮನ ಪಾತ್ರ ಕೊಟ್ಟಿದ್ದರು. ಪ್ರಾಕ್ಟೀಸಿನಲ್ಲೂ ಇಬ್ಬರೂ ಡೈಲಾಗ್ ಬಿಟ್ಟು ಬೇರೆ ಒಂದು ಮಾತು ಆಡಲಿಲ್ಲವಂತೆ. ಬೆಳಗಿನ ಜಾವ ಗದಾಯುದ್ಧ. ಗದೆ ನಿಮ್ಮೂರಿನಂಥದ್ದೇ, ಬಂಗಾರದ ಬಣ್ಣ ಬಳಿದ ರಟ್ಟು. ಮೂರನೇ ಏಟಿಗೆ ಭೀಮನ ಗದೆಯ ತಲೆ ಕಳಚಿ ಬಂದು ತಬಲಾದವನ ಮಡಿಲಿಗೆ ಬಿತ್ತು. ನೀವಾಗಿದ್ದರೆ ನಗುತ್ತಿದ್ದಿರಿ. ಅಲ್ಲಿ ಒಬ್ಬರೂ ನಗಲಿಲ್ಲ. ಊರಿಗೆಲ್ಲ ಆ ಬದು ಗೊತ್ತಿತ್ತು.

ತೊಡೆಗೆ ಏಟು ಬಿತ್ತು, ದುರ್ಯೋಧನ ಉರುಳಿದ. ಇನ್ನು ಭೀಮ ಅವನ ಕಿರೀಟವನ್ನು ಕಾಲಿಂದ ತುಳಿಯಬೇಕು. ತಮ್ಮ ಕಾಲೆತ್ತಿದ. ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು. ಮೇಷ್ಟ್ರು ಹಾರ್ಮೋನಿಯಂ ಎಳೆದೇ ಎಳೆದರು. ಹಿಂದಿನಿಂದ ಯಾರೋ “ಇಡೋ ಸುಮ್ನೆ, ಬೆಳಕು ಹರೀತು” ಅಂತ ಕೂಗಿದರು. ಕೊನೆಗೆ ಹೆಬ್ಬೆರಳು ತಾಗಿಸಿದ. ತಾಗಿಸಿದವನು ತಟ್ಟನೆ ಬಗ್ಗಿ, ಅಣ್ಣನ ಭುಜ ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡುಬಿಟ್ಟ! ಯಾರಿಗಾದರೂ ಕಾಲು ತಾಗಿದರೆ ನಾವೆಲ್ಲ ಮಾಡುತ್ತೇವಲ್ಲ, ಹಾಗೆ. ಭೀಮ ಅನ್ನುವುದೇ ಅವನಿಗೆ ಮರೆತುಹೋಗಿತ್ತು. ಆಗ ನೋಡಿ ಜನ ನಕ್ಕರು. ಸತ್ತು ಬಿದ್ದಿದ್ದ ದುರ್ಯೋಧನನ ಹೊಟ್ಟೆಯೂ ಕುಲುಕುತ್ತಿತ್ತು. ಆಮೇಲೆ ಅವರು ಒಂದಾದರಾ ಅಂತ ಕೇಳಬೇಡಿ. ಕೇಸು ಇನ್ನೂ ನಡೀತಾ ಇದೆಯಂತೆ.

ಎಲ್‌ಇಡಿ ಪರದೆಯಲ್ಲಿ ಇದು ಸಿಗುತ್ತಾ?

ನಿಮಗೆ ಇದೂ ದುಬಾರಿ ಅನ್ನಿಸಿದರೆ ಕರಾವಳಿಗೆ ಹೋಗಿ, ಒಂದು ತಾಳಮದ್ದಳೆ ಕೇಳಿ. ವೇಷವೂ ಇಲ್ಲ, ರಟ್ಟಿನ ಗದೆಯೂ ಇಲ್ಲ. ಪಂಚೆ ಶಾಲಿನಲ್ಲಿ ಕೂತವರು ಮಾತಿನಲ್ಲೇ ಹೊಡೆದಾಡುತ್ತಾರೆ. ತಾಳಮದ್ದಳೆಯ ದೊಡ್ಡ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇನ್ನೂ ಅದರ ಮಾತೆತ್ತುತ್ತಾರೆ. ಅದೂ ಅಣ್ಣತಮ್ಮಂದಿರ ಜಗಳವೇ ಅಲ್ವಾ? ಕೂತಲ್ಲಿಂದ ಏಳದೆ ಕಿಷ್ಕಿಂಧೆ ಎದ್ದು ಬರುತ್ತಿತ್ತು.

ನಮ್ಮ ಕಚೇರಿಗೆ ಸಿನಿಮಾ ಮಾಡಬೇಕು ಅಂತ ಹುಡುಗರು ಬರುತ್ತಾರೆ. ಬುದ್ಧಿವಂತರು. ಯುದ್ಧದ ಕಥೆ ಇದೆ ಸಾರ್, ಬಜೆಟ್ ಇಲ್ಲ ಅನ್ನುತ್ತಾರೆ. ಕಥೆ ಹೇಳಿ ಅಂದರೆ ಡ್ರೋನ್ ಶಾಟಿನಿಂದ ಶುರು ಮಾಡುತ್ತಾರೆ. ಎದುರುಬದುರು ನಿಂತ ಇಬ್ಬರು ಪರಸ್ಪರ ಏನಾಗಬೇಕು, ಕೊನೆಯ ಸಲ ಜೊತೆಯಲ್ಲಿ ಕೂತು ಉಂಡದ್ದು ಯಾವಾಗ ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಆ ಉತ್ತರಕ್ಕೆ ಬಜೆಟ್ ಬೇಕಾ? ಬಿ.ಎಂ.ಶ್ರೀ. 1926ರಲ್ಲಿ ರನ್ನನ ಕಾವ್ಯವನ್ನೇ ನಾಟಕ ಮಾಡಿದರು. ಆನೆ ಇಲ್ಲದೆಯೇ ಅದು ಕಾಲೇಜು ಹುಡುಗರ ಕೈಗೆ ಸಿಗುವಂತಾಯಿತು. ಈಗ ಕಾಲೇಜುಗಳಲ್ಲಿ ನಾಟಕಕ್ಕೆ ಇಪ್ಪತ್ತು ನಿಮಿಷ, ಡ್ಯಾನ್ಸಿಗೆ ಎರಡು ಗಂಟೆ.

ಹಳ್ಳಿಯ ನಾಟಕಕ್ಕೆ ನಿಜವಾಗಿ ಕಂಟಕ ಆಗಿರುವುದು ಬಡತನ ಅಲ್ಲವೇ ಅಲ್ಲ, ಸನ್ಮಾನ. ಕುಂತಿ ಕರ್ಣನ ಮುಂದೆ ಸೆರಗೊಡ್ಡಿ ನಿಂತಿರುತ್ತಾಳೆ. ಅಷ್ಟರಲ್ಲಿ ಮೈಕಿನಲ್ಲಿ, “ಮಾನ್ಯರು ಆಗಮಿಸಿದ್ದಾರೆ, ಎಲ್ಲರೂ ದಯವಿಟ್ಟು ಸಹಕರಿಸಬೇಕು.” ಪರದೆ ಬೀಳುತ್ತದೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಮಾನ್ಯರು ಮುಕ್ಕಾಲು ಗಂಟೆ ನೀರಾವರಿ ಬಗ್ಗೆ ಮಾತಾಡುತ್ತಾರೆ. ಅಷ್ಟು ಹೊತ್ತೂ ಕುಂತಿ ಸೈಡ್‌ವಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಟೀ ಕುಡಿಯುತ್ತಾಳೆ. ಕರ್ಣ ಮೀಸೆ ಅಂಟಿಸಿಕೊಳ್ಳುತ್ತಾನೆ. ಆಮೇಲೆ ಪರದೆ ಎದ್ದರೆ ಯಾರ ಕಣ್ಣಲ್ಲಿ ನೀರು ಬರುತ್ತೆ? ನೀವು ಎರಡು ಗಂಟೆಗೆ ಎದ್ದು ಹೋದದ್ದಕ್ಕೆ ಇದೇ ಕಾರಣ ಇದ್ದರೆ ನಾನು ನಿಮ್ಮ ಕಡೆ. ಆದರೂ ನಿಮ್ಮ ಅಣ್ಣನ ಗದಾಯುದ್ಧ ಇದ್ದದ್ದು ಬೆಳಗಿನ ಜಾವಕ್ಕೆ. ಅದನ್ನು ನೋಡದೆಯೇ ಎರಡು ಪುಟ ಬೈದಿದ್ದೀರಿ, ಅದು ನ್ಯಾಯವಲ್ಲ.

ಮುಂದಿನ ವರ್ಷ ಜಾತ್ರೆ ಸಮಿತಿಯ ಸಭೆಗೆ ಹೋಗಿ. ಎಲ್‌ಇಡಿ ವಿಷಯ ಎತ್ತಬೇಡಿ. ಭಾಷಣ, ಸನ್ಮಾನ ಎಲ್ಲ ಒಂಬತ್ತು ಗಂಟೆಯೊಳಗೆ ಮುಗಿಸಿ, ಆಮೇಲೆ ಯಾರೇ ಬಂದರೂ ಚಾಪೆ ಮೇಲೆ ಕೂತು ನಾಟಕ ನೋಡಲಿ ಅಂತ ಕೇಳಿ. ಒಪ್ಪದಿದ್ದರೆ ನಮಗೆ ಬರೆಯಿರಿ, ಹಾಕುತ್ತೇವೆ. ಬೇಕಿದ್ದರೆ ಆಗಲೂ ಹೆಸರಿಲ್ಲದೆ.