ಬೆಕ್ಕಿಗೆ ನಮ್ಮ ಜ್ವರದ ಮಾತ್ರೆ ಬೇಡ

ಪ್ರಶ್ನೆ: ಹೋದ ತಿಂಗಳು ನಮ್ಮ ಬೆಕ್ಕು ಒಂದು ದಿನ ಊಟ ಬಿಟ್ಟಿತ್ತು, ಮೈ ಬಿಸಿ ಇತ್ತು. ಈಗ ಹುಷಾರಾಗಿದೆ. ಮತ್ತೆ ಹಾಗಾದರೆ ಅರ್ಧ ಪ್ಯಾರಾಸಿಟಮಾಲ್ ಮಾತ್ರೆ ಕೊಡಬಹುದಾ?

ಉತ್ತರ: ದಯವಿಟ್ಟು ಬೇಡ. ಕಾಲು ಭಾಗವೂ ಬೇಡ. ಈ ಔಷಧವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. ವಿಷ ರಕ್ತಕ್ಕೇ ಇಳಿಯುತ್ತದೆ, ರಕ್ತ ಆಮ್ಲಜನಕ ಹೊರಲಾರದೆ ಹೋಗುತ್ತದೆ. ಒಸಡು ಕಂದಾಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಏದುಸಿರು ಬರುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆಗೆ ಜೀವ ಹೋಗಬಹುದು. ಹಾಗೆ ಸಂಜೆ ಮಾತ್ರೆ ತಿಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಬಂದ ಬೆಕ್ಕೊಂದನ್ನು ಉಳಿಸಿಕೊಳ್ಳಲು ಆಗಲಿಲ್ಲ. ಕೊಟ್ಟವರು ಪ್ರೀತಿಯಿಂದಲೇ ಕೊಟ್ಟಿದ್ದರು. ಅವರ ಅಳು ನನಗೆ ಇನ್ನೂ ನೆನಪಿದೆ. ಅಕಸ್ಮಾತ್ ತಿಂದಿದ್ದರೆ ಲಕ್ಷಣಕ್ಕೆ ಕಾಯಬೇಡಿ, ತಕ್ಷಣ ಕರೆತನ್ನಿ. ಇದಕ್ಕೆ ಪ್ರತಿ ಔಷಧ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಇನ್ನು ಮೈ ಬಿಸಿ. ಬೆಕ್ಕಿನ ಸಹಜ ಉಷ್ಣತೆಯೇ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್, ನಮಗಿಂತ ಜಾಸ್ತಿ. ಕೈಗೆ ಬಿಸಿ ತಾಗಿದರೆ ಜ್ವರವೇ ಅಂತಲ್ಲ. ನನಗೆ ಹೆಚ್ಚು ಚಿಂತೆ ಊಟ ಬಿಟ್ಟಿದ್ದರ ಬಗ್ಗೆ. ಇಡೀ ದಿನ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ. ದಪ್ಪ ಬೆಕ್ಕಾದರೆ ಇನ್ನೂ ಬೇಗ, ಉಪವಾಸದಿಂದ ಅದರ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.